ಹೂದೋಟದ ಹಳೆಯ ಅತಿಥಿಗಳು



ಪ್ರಾತಃಕಾಲದಲ್ಲಿ ಸ್ನಾನಾದಿಗಳನ್ನು ಪೂರೈಸಿ, ವಿಭೂತಿ ಧರಿಸಿ, ಇಷ್ಟಲಿಂಗವನ್ನು ಕರಸ್ಥಲಕ್ಕೆ ಬಿಜಯಂಗೈಸಿಕೊಂಡು ಪೂಜೆಗೆ ಕುಳಿತಾಗ, ತಮ್ಮ ಮುಂದಿನ ತಟ್ಟೆಯಲ್ಲಿರುವ ಪತ್ರೆ ಪುಷ್ಪಗಳನ್ನು ಒಮ್ಮೆ ಗಮನವಿಟ್ಟು ನೋಡಬೇಕೆಂದು ಪ್ರಾರ್ಥನೆ. ಅವು ಎಲ್ಲಿಂದ ಬಂದವು? ಹಿತ್ತಿಲಿನಿಂದಲೋ, ಸಂತೆಯಿಂದಲೋ, ದೂರದೂರಿನ ಮಾರುಕಟ್ಟೆಯಿಂದ ಲಾರಿಯೇರಿ ಬಂದವೋ? ಹೂವೆತ್ತಿ ತರುವುದೇ ಒಂದು ಕಾಯಕವೆಂದು ಬಾಳಿದ ಹೂಗಾರ ಮಾದಯ್ಯನಂಥ ಶರಣರ ಪರಂಪರೆ ನಮ್ಮದು. ಆ ಕಾಯಕಕ್ಕೆ ಆಧಾರವಾಗಿದ್ದದ್ದು ತೋಟ. ಆ ತೋಟದಲ್ಲಿ ಯಾವ ಮರಗಳಿದ್ದವು, ಅಲ್ಲಿಗೆ ಮನುಷ್ಯನಲ್ಲದೆ ಇನ್ನಾರು ಬಂದು ಹೋಗುತ್ತಿದ್ದರು ಎಂಬ ವಿಚಾರವನ್ನು ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ಸೀಮೆಯನ್ನು ಇಟ್ಟುಕೊಂಡು ತಮ್ಮ ಅವಗಾಹನೆಗೆ ತರಲು ಇಲ್ಲಿ ಯತ್ನಿಸಿದ್ದೇನೆ.

ಮೊದಲಿಗೆ ನಮ್ಮ ಮನೆಯ ಮಾತನ್ನೇ ಎತ್ತಿಕೊಳ್ಳೋಣ. ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನಿಂದಾಚೆಗೆ ಎಡೆಯೂರು ಸಮೀಪದಲ್ಲಿಯೇ ಇದೆ. ಅಲ್ಲಿ ನೆಲೆಗೊಂಡ ಶ್ರೀ ಸಿದ್ಧಲಿಂಗೇಶ್ವರರು ಷಟ್‌ಸ್ಥಲ ಜ್ಞಾನಸಾರಾಮೃತದ ಕರ್ತೃಗಳು, ಏಳುನೂರೊಂದು ವಚನಗಳನ್ನು ನಮಗೆ ಬಿಟ್ಟುಹೋದವರು. ಇಂಥ ಮಹಾನುಭಾವರಿಗೆ ಲೋಕ ಕೊಟ್ಟ ಹೆಸರಾದರೂ ಯಾವುದು? ತೋಂಟದ ಸಿದ್ಧಲಿಂಗ ಎಂಬುದು. ಸಿಂಹಾಸನದ ಹೆಸರಲ್ಲ, ಊರಿನ ಹೆಸರಲ್ಲ, ತೋಟದ ಹೆಸರು! ಕಗ್ಗೆರೆಯಲ್ಲಿ ನಾಗಿನೀ ನದಿಯ ದಡದ ಭಕ್ತನೊಬ್ಬನ ತೋಟದಲ್ಲಿ ಅವರು ಶಿವಯೋಗದಲ್ಲಿ ಕುಳಿತಿರಲಾಗಿ, ಮೈಯ ಸುತ್ತ ಹುತ್ತ ಬೆಳೆಯಿತೆಂದೂ, ಹಸುವೊಂದು ಆ ಹುತ್ತದ ಮೇಲೆ ಹಾಲು ಕರೆಯುತ್ತಿತ್ತೆಂದೂ ಪುರಾಣಗಳು ಹೇಳುತ್ತವೆ. ಪವಾಡದ ಅಂಶವನ್ನು ಭಕ್ತಿಗೆ ಬಿಟ್ಟು ಕೇವಲ ಚರಿತ್ರೆಯ ಕಣ್ಣಿನಿಂದ ನೋಡಿದರೂ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಹುತ್ತ ಬೆಳೆಯಲು ಬಿಟ್ಟ ತೋಟ ಅದು. ಹಾವಿಗೂ ಗೆದ್ದಲಿಗೂ ಎಡೆಯಿದ್ದ ತೋಟ. ಇಂದಿನ ನಮ್ಮ ಹುಲ್ಲುಹಾಸಿನ ಉದ್ಯಾನಗಳಲ್ಲಿ ಹುತ್ತವೊಂದು ಎದ್ದರೆ ಸಂಜೆಯೊಳಗೆ ಔಷಧಿ ಸುರಿದು ಅಗೆದು ಹಾಕುವವರು ನಾವು.

ಸಿದ್ಧಲಿಂಗೇಶ್ವರರ ಶಿಷ್ಯಪರಂಪರೆಯ ಸ್ವತಂತ್ರ ಸಿದ್ಧಲಿಂಗೇಶ್ವರರು ಕೃಷ್ಣರಾಜಪೇಟೆ ತಾಲ್ಲೂಕಿನ ಕಾಪನಹಳ್ಳಿಯ ಗವಿಯನ್ನು ತಮ್ಮ ನೆಲೆಯಾಗಿ ಮಾಡಿಕೊಂಡರು. ಗುರುವಿಗೆ ತೋಟ, ಶಿಷ್ಯನಿಗೆ ಗವಿ. ವಿರಕ್ತರು ಊರ ನಡುವಿನ ಗದ್ದಲವನ್ನು ಬಿಟ್ಟು ಗಿಡಮರಗಳ ನಡುವೆ ಹೋಗಿ ಕುಳಿತದ್ದು ಆಕಸ್ಮಿಕವೆಂದು ನಾನು ನಂಬುವುದಿಲ್ಲ. ಅದಕ್ಕೂ ನಾಲ್ಕು ಶತಮಾನಗಳ ಮೊದಲು ಅಕ್ಕಮಹಾದೇವಿ ತನ್ನ ಚೆನ್ನಮಲ್ಲಿಕಾರ್ಜುನನ ಸುಳಿವನ್ನು ಕೇಳಿದ್ದು ಪಂಡಿತರನ್ನಲ್ಲ, ಗಿಳಿ, ಕೋಗಿಲೆ, ದುಂಬಿ, ನವಿಲುಗಳನ್ನು ಎಂಬುದು ತಮಗೆಲ್ಲ ಕಂಠಪಾಠವಾದ ವಿಷಯವೇ ಆಗಿದೆ.

ಇನ್ನು ಶಾಸನಗಳ ಕಡೆ ತಿರುಗೋಣ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯವರು ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಆವೃತ್ತಿಯನ್ನು ಹೊರತಂದಾಗ, ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳ ಶಾಸನಗಳನ್ನು 1977ರ ಆರನೆಯ ಸಂಪುಟದಲ್ಲಿಯೂ, ನಾಗಮಂಗಲದವನ್ನು 1979ರ ಏಳನೆಯ ಸಂಪುಟದಲ್ಲಿಯೂ ಮುದ್ರಿಸಿದರು. ಹೊಸಹೊಳಲು, ಕಿಕ್ಕೇರಿ, ಗೋವಿಂದನಹಳ್ಳಿ, ತೊಣ್ಣೂರು, ಮೇಲುಕೋಟೆ, ನಾಗಮಂಗಲ ಇವೆಲ್ಲ ಹೊಯ್ಸಳರ ಕಾಲದಲ್ಲಿ ಬೆಳೆದ ಸ್ಥಳಗಳು. ಆ ಕಾಲದ ದಾನಶಾಸನಗಳಲ್ಲಿ ದೇವರ ಅಂಗಭೋಗಕ್ಕೆ, ನಂದಾದೀಪಕ್ಕೆ ಗದ್ದೆ ಬಿಟ್ಟಂತೆಯೇ ಹೂವಿನ ತೋಟಕ್ಕೂ ಭೂಮಿ ಬಿಡುವ ಪದ್ಧತಿಯನ್ನು ನಾಡಿನಾದ್ಯಂತ ಕಾಣುತ್ತೇವೆ. ನಂದನವನವೆಂಬುದು ಕವಿಗಳ ಕಲ್ಪನೆಯ ಮಾತ್ರದ್ದಲ್ಲ. ಅದಕ್ಕೆ ಎಲ್ಲೆಕಟ್ಟು ಇತ್ತು, ನೀರಿನ ಪಾಲು ಇತ್ತು, ಕಾಯುವವನಿಗೆ ಜೀವಿತವಿತ್ತು. ಗದ್ದೆಗೆ ಸರಿಸಮನಾಗಿ ಹೂವಿನ ತೋಟವನ್ನೂ ಕಲ್ಲಿನ ಮೇಲೆ ಕೆತ್ತಿಸಿದ ಆ ಹಿರಿಯರ ಲೆಕ್ಕಾಚಾರವನ್ನು ತಾವು ಮನಸ್ಸಿಗೆ ತಂದುಕೊಳ್ಳಬೇಕು.

ಊರ ಹೆಸರುಗಳಲ್ಲಿಯೂ ಮರಗಳು ಅಡಗಿಕೊಂಡಿವೆ. ಇಂದಿನ ಕೃಷ್ಣರಾಜಪೇಟೆಯ ಹಳೆಯ ಹೆಸರು ಅತ್ತಿಕುಪ್ಪೆ. ರಾಜರ ಹೆಸರು ಬಂದು ಅತ್ತಿಯ ಹೆಸರು ಮರೆಯಾಯಿತು. ರಾಜರ ಮೇಲೆ ನನಗೆ ಗೌರವವಿದೆ. ಆದರೂ ಅತ್ತಿಯ ಹಣ್ಣಿಗೆ ಬಂದು ಕೂಗುವ ಕುಟ್ರುಹಕ್ಕಿಗೆ ಆ ಹಳೆಯ ಹೆಸರೇ ಹೆಚ್ಚು ಒಪ್ಪುತ್ತದೆ.

ತೋಟಗಳ ಚರಿತ್ರೆಯಲ್ಲಿ ಶ್ರೀರಂಗಪಟ್ಟಣದ್ದು ಒಂದು ದೊಡ್ಡ ಅಧ್ಯಾಯ, ದುಃಖದ ಅಧ್ಯಾಯವೂ ಹೌದು. ಹೈದರಾಲಿಗೆ ತೋಟಗಳ ಹುಚ್ಚು. ಬೆಂಗಳೂರಿನ ಲಾಲ್‌ಬಾಗ್ 1760ರ ಸುಮಾರಿಗೆ ಆತನಿಂದಲೇ ಆರಂಭವಾದದ್ದು. ಶ್ರೀರಂಗಪಟ್ಟಣದ ದ್ವೀಪದ ಪೂರ್ವದ ತುದಿಯಲ್ಲಿ, ಗಂಜಾಮಿನಾಚೆ ಮತ್ತೊಂದು ಲಾಲ್‌ಬಾಗ್ ಇತ್ತು. ಟಿಪ್ಪು ಸುಲ್ತಾನನು ತಂದೆಯ ಸಮಾಧಿಯನ್ನು ಕಟ್ಟಿಸಿದ್ದು ಆ ತೋಟದಲ್ಲಿಯೇ. 1784ರಲ್ಲಿ ಕೋಟೆಯ ಹೊರಗೆ ದರಿಯಾದೌಲತ್ ಬಾಗ್ ಎದ್ದಿತು. ಈ ತೋಟಗಳಲ್ಲಿ ಪಾರಸೀಕ ಪದ್ಧತಿಯ ನೇರವಾದ ನಡೆಹಾದಿಗಳು, ಸಾಲುಸಾಲಾಗಿ ಸುರಹೊನ್ನೆಯನ್ನು ನೆನಪಿಗೆ ತಾರದ ಪರದೇಶದ ಸೈಪ್ರೆಸ್ ಮರಗಳು, ಹಣ್ಣಿನ ಗಿಡಗಳು ಇದ್ದವು. ಗಂಜಾಮಿನ ಅಂಜೂರ ಇಂದಿಗೂ ಹೆಸರುಳ್ಳದ್ದಾಗಿದೆ.

1792ನೆಯ ಇಸವಿ ಫೆಬ್ರವರಿ 6ರ ರಾತ್ರಿ ಲಾರ್ಡ್ ಕಾರ್ನ್‌ವಾಲಿಸನ ಸೇನೆ ದ್ವೀಪಕ್ಕೆ ನುಗ್ಗಿ ಪೂರ್ವಭಾಗವನ್ನು ಹಿಡಿಯಿತು. ಕೋಟೆಗೆ ಮುತ್ತಿಗೆ ಹಾಕಬೇಕಾದರೆ ಕಂದಕ ಮುಚ್ಚಲು ಸೌದೆಯ ಕಟ್ಟುಗಳು ಬೇಕು, ಮಣ್ಣು ತುಂಬಿ ಗುಂಡಿಗೆ ಅಡ್ಡವಾಗಿಡಲು ಹೆಣೆದ ಬುಟ್ಟಿಗಳು ಬೇಕು. ಅದಕ್ಕೆಲ್ಲ ಮರವೆಲ್ಲಿ? ಕೈಗೆಟಕುವ ದೂರದಲ್ಲಿ ಲಾಲ್‌ಬಾಗ್ ಇತ್ತು. ತೋಟದ ಅರಮನೆ ಗಾಯಾಳುಗಳ ಆಸ್ಪತ್ರೆಯಾಯಿತು. ಮರಗಳು ಕೊಡಲಿಗೆ ಬಲಿಯಾದವು. ಆ ಸೇನೆಯಲ್ಲಿಯೇ ಇದ್ದ ಡೈರಮ್ ಎಂಬ ಅಧಿಕಾರಿ ಮರುವರ್ಷ ಲಂಡನ್ನಿನಲ್ಲಿ ಪ್ರಕಟಿಸಿದ ಯುದ್ಧವೃತ್ತಾಂತದಲ್ಲಿ ಈ ವಿನಾಶವನ್ನು ತಾನೇ ಬರೆದಿಟ್ಟಿದ್ದಾನೆ. ವಿಚಿತ್ರವೇನೆಂದರೆ, ಆ ತಿಂಗಳು ಮುಗಿಯುವುದರೊಳಗಾಗಿಯೇ ಸಂಧಿಯ ಮಾತು ಕುದುರಿ ಮುತ್ತಿಗೆ ನಿಂತುಹೋಯಿತು. ಕಡಿದ ಮರಗಳು ಮಾತ್ರ ಕಡಿದಂತೆಯೇ ಉಳಿದವು. ವರುಷಗಟ್ಟಲೆ ನೀರೆರೆದು ಬೆಳೆಸಿದ್ದು ಕೆಲವೇ ದಿನಗಳ ಕೆಲಸಕ್ಕೆ ಆಹುತಿಯಾಯಿತು. 1799ರಲ್ಲಿ ಕೋಟೆಯೇ ಬಿದ್ದಮೇಲೆ, ಮುಂದೆ ವೆಲಿಂಗ್ಟನ್ ಪ್ರಭುವಾದ ಆರ್ಥರ್ ವೆಲ್ಲೆಸ್ಲಿ ದರಿಯಾದೌಲತ್ತಿನಲ್ಲಿ ವಾಸವಾಗಿದ್ದನು. ಮರುವರ್ಷ ಡಾಕ್ಟರ್ ಫ್ರಾನ್ಸಿಸ್ ಬುಕನನ್ ಈ ಸೀಮೆಯಲ್ಲಿ ಸಂಚರಿಸಿ, ಬೆಳೆ, ಮರ, ಮಣ್ಣು, ಕುಲ, ಕಸುಬು ಎಲ್ಲವನ್ನೂ ಕೇಳಿ ಕೇಳಿ ಬರೆದುಕೊಂಡು ಹೋದನು. ಅದು 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು.

ಆಮೇಲಿನ ನೂರೈವತ್ತು ವರ್ಷಗಳ ಕಥೆಯನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಬೆಂಗಳೂರಿನ ಲಾಲ್‌ಬಾಗ್ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಲೋಕದ ನಾನಾ ಭಾಗಗಳ ಹೂಮರಗಳು ಅಲ್ಲಿಗೆ ಬಂದು, ಅಲ್ಲಿಂದ ಸಂಸ್ಥಾನದ ರಸ್ತೆಬದಿಗಳಿಗೂ ಕಛೇರಿಗಳ ಅಂಗಳಗಳಿಗೂ ಹರಡಿದವು. 1908ರಲ್ಲಿ ಮೈಸೂರಿಗೆ ಬಂದ ಜರ್ಮನಿಯ ಕ್ರುಂಬಿಗೆಲ್ಲರು ಒಂದು ಮರ ಹೂ ಮುಗಿಸುವಾಗ ಮತ್ತೊಂದು ಅರಳುವಂತೆ ಬೀದಿಗಳನ್ನು ಯೋಜಿಸಿದ ಕಲಾವಿದರು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಕೆಳಗೆ ಸರ್ ಮಿರ್ಜಾ ಇಸ್ಮಾಯಿಲ್ಲರು ಬೃಂದಾವನವನ್ನು ನಿರ್ಮಿಸಿದಾಗಲೂ ಕ್ರುಂಬಿಗೆಲ್ಲರು ಕೈಜೋಡಿಸಿದರು. ಮಡಗಾಸ್ಕರದ ಗುಲ್ಮೊಹರ್, ದಕ್ಷಿಣ ಅಮೆರಿಕದ ಜಕರಂಡ, ತಬೂಬಿಯ, ಮಳೆಮರ ಇವೆಲ್ಲ ನಮ್ಮ ಕಣ್ಣಿಗೆ ಹೊಂದಿಕೊಂಡುಬಿಟ್ಟವು. ಕಣ್ಣಿಗೆ ಹಬ್ಬವೆಂಬುದನ್ನು ಅಲ್ಲಗಳೆಯಲಾರೆ. ಆದರೆ ಊರಿನ ಕಕ್ಕೆ, ಮುತ್ತುಗಗಳು ಕಾಡುಮರಗಳೆನಿಸಿ ಹೊಸಿಲ ಹೊರಗೆ ನಿಂತದ್ದು ಇದೇ ಕಾಲದಲ್ಲಿ. ಅಲಂಕಾರಕ್ಕೆಂದು ಪರದೇಶದಿಂದ ತರಿಸಿದ ಲಂಟಾನ ಎಂಬ ಬಣ್ಣದ ಹೂವಿನ ಪೊದೆ ತೋಟದ ಬೇಲಿಯನ್ನು ದಾಟಿ ಹೊರಟು ಇಂದು ಬೆಟ್ಟಗುಡ್ಡಗಳನ್ನೇ ನುಂಗಿ ಕುಳಿತಿದೆ. ನೀಲಗಿರಿ ತೋಪುಗಳ ಹಾವಳಿಯಂತೂ ತಮಗೆ ಗೊತ್ತಿದ್ದದ್ದೇ. 2017ರಲ್ಲಿ ರಾಜ್ಯಸರ್ಕಾರವೇ ಅದನ್ನು ಹೊಸದಾಗಿ ನೆಡಬಾರದೆಂದು ಆಜ್ಞೆ ಮಾಡಬೇಕಾಯಿತು.

ಇಲ್ಲಿ ಒಂದು ಅಹಿತವಾದ ಮಾತನ್ನೂ ಆಡಬೇಕಾಗಿದೆ, ಭಕ್ತರು ಮನ್ನಿಸಬೇಕು. ನಮ್ಮ ಮಠಗಳ ಅಂಗಳದಲ್ಲಿ ನಾಗಲಿಂಗಪುಷ್ಪದ ಮರವನ್ನು ನೆಡುವುದು ಒಂದು ಸಂಪ್ರದಾಯವೇ ಆಗಿದೆ. ಹೆಡೆಯೆತ್ತಿದ ನಾಗನ ಕೆಳಗೆ ಲಿಂಗವಿರುವಂತೆ ಕಾಣುವ ಆ ಹೂವನ್ನು ನೋಡಿದ ಯಾರಿಗೆ ತಾನೆ ಕೈಮುಗಿಯಬೇಕೆನಿಸದು? ಆದರೆ ಆ ಮರ ದಕ್ಷಿಣ ಅಮೆರಿಕದ ಗಯಾನಾ ಪ್ರದೇಶದ್ದು. ಬಸವಾದಿ ಪ್ರಮಥರು ಅದನ್ನು ಕಂಡಿರಲು ಸಾಧ್ಯವಿಲ್ಲ. ದೇವರ ಹೆಸರನ್ನೇ ಹೊತ್ತ ದೇವಕಣಗಿಲೆಯೂ ಅಮೆರಿಕದ್ದೇ. ಅದರ ಹೂವಿನಲ್ಲಿ ಮಕರಂದವೆಂಬುದೇ ಇಲ್ಲ. ಪರಿಮಳದಿಂದ ಸಂಜೆಯ ಪತಂಗಗಳನ್ನು ಕರೆದು ಬರಿಗೈಯಲ್ಲಿ ಕಳಿಸುವ ಹೂ ಅದು. ಇರುವ ಮರಗಳನ್ನು ಕಡಿಯಿರೆಂದು ನಾನು ಹೇಳುತ್ತಿಲ್ಲ. ನಾಗಲಿಂಗದ ಮರಕ್ಕೆ ನಮ್ಮ ದುಂಬಿಗಳೂ ಬರುತ್ತವೆ. ಬಂದವರನ್ನು ಹೊರಗಟ್ಟುವುದು ಶರಣಧರ್ಮವೂ ಅಲ್ಲ. ಆದರೆ ಹೊಸದಾಗಿ ನೆಡುವಾಗಲಾದರೂ ಮನೆಯ ಮಕ್ಕಳನ್ನು ನೆನೆಯಬೇಡವೇ?

ಆ ಮಕ್ಕಳು ಯಾರೆಂದರೆ, ಮೊದಲನೆಯದು ಬಸವನಪಾದ. ಎರಡು ಗೊರಸು ಕೂಡಿದಂತಿರುವ ಎಲೆಯನ್ನು ಕಂಡು ನಮ್ಮ ಜನ ಬಸವನ ಪಾದವೆಂದರು. ಪಾಶ್ಚಾತ್ಯ ಸಸ್ಯಶಾಸ್ತ್ರಜ್ಞರು ಅದೇ ಎಲೆಯ ಎರಡು ಹಾಳೆಗಳಲ್ಲಿ ಬೌಹಿನ್ ಎಂಬ ವಿದ್ವಾಂಸ ಸಹೋದರರಿಬ್ಬರನ್ನು ಕಂಡು ಬೌಹಿನಿಯ ಎಂದು ಹೆಸರಿಟ್ಟರು. ಕಾರ್ತಿಕದ ಹೊತ್ತಿಗೆ ತಿಳಿನೇರಳೆ ಹೂಗಳಿಂದ ತುಂಬುವ ಈ ಮರಕ್ಕೆ ಸೂರಕ್ಕಿಗಳು ಬೆಳಗಿನಿಂದ ಸಂಜೆಯವರೆಗೆ ಬಿಡುವಿಲ್ಲದೆ ಬರುತ್ತವೆ. ಇಪ್ಪತ್ತು ಇಪ್ಪತ್ತೈದಡಿ ಮೀರದೆ, ಮನೆಯ ಗೋಡೆಗೆ ತೊಂದರೆ ಕೊಡದೆ ನಿಲ್ಲುವ ಸಾಧುಮರ.

ಎರಡನೆಯದು ಮುತ್ತುಗ. ಮಠದ ಪ್ರಸಾದನಿಲಯದಲ್ಲಿ ಓದಿದ ಹಿರಿಯ ವಿದ್ಯಾರ್ಥಿಗಳಿಗೆ ಮುತ್ತುಗದ ಎಲೆಯ ಪರಿಚಯವನ್ನು ನಾನು ಮಾಡಿಕೊಡಬೇಕಾಗಿಲ್ಲ. ಜಾತ್ರೆಗೆ ಎರಡು ತಿಂಗಳು ಮುಂಚಿನಿಂದಲೇ ಎಲೆ ಹಚ್ಚಿ, ಒಣಗಿಸಿ, ಕಲ್ಲು ಹೇರಿ ಕಟ್ಟು ಕಟ್ಟಿಡುತ್ತಿದ್ದ ಕಾಲವೊಂದಿತ್ತು. ದಾಸೋಹದ ಪಂಕ್ತಿಯಲ್ಲಿ ಬಿಸಿ ಅನ್ನ ಬಿದ್ದೊಡನೆ ಆ ಒಣ ಎಲೆಯಿಂದ ಏಳುತ್ತಿದ್ದ ಒಂದು ಬಗೆಯ ಕಂಪು ತಮ್ಮ ನೆನಪಿನಲ್ಲಿ ಇನ್ನೂ ಇರಬಹುದು. ಮಾಘ ಫಾಲ್ಗುಣಗಳಲ್ಲಿ ಎಲೆಯೆಲ್ಲ ಉದುರಿ ಮರಕ್ಕೆ ಮರವೇ ಕೆಂಡವಾಗುತ್ತದೆ. ಗೊರವಂಕ, ಕಾಗೆ, ಸೂರಕ್ಕಿ, ಅಳಿಲು, ಮಧ್ಯ ಏಷ್ಯದಿಂದ ಚಳಿಗಾಲಕ್ಕೆ ಬರುವ ಗುಲಾಬಿ ಕಬ್ಬಕ್ಕಿಗಳ ಹಿಂಡು, ಎಲ್ಲಕ್ಕೂ ಅದು ದಾಸೋಹದ ಮನೆ. ಒಣಗಾಲದಲ್ಲಿ, ಬೇರೆಲ್ಲಿಯೂ ತೇವವಿಲ್ಲದಿರುವಾಗ, ಹೂವಿನ ಬಟ್ಟಲಲ್ಲಿ ರಸ ತುಂಬಿಟ್ಟುಕೊಂಡು ನಿಲ್ಲುವ ಮರ ಅದು. 1757ರ ಪ್ಲಾಸಿ ಕದನವನ್ನು ಶಾಲೆಯಲ್ಲಿ ಓದಿದ್ದೀರಷ್ಟೆ. ಆ ಪಲಾಶಿ ಎಂಬ ಊರಿಗೆ ಹೆಸರು ಬಂದದ್ದು ಪಲಾಶದಿಂದ, ಎಂದರೆ ಇದೇ ಮುತ್ತುಗದಿಂದ.

ಕಕ್ಕೆ ಚೈತ್ರ ವೈಶಾಖಗಳ ಮರ. ಚಿನ್ನದ ಸರಗಳನ್ನು ಇಳಿಬಿಟ್ಟಂತೆ ಹೂಗೊಂಚಲು ಬಿಡುತ್ತದೆ. ಅದರ ಎಳೆಯ ಎಲೆ ತಿಂದು ಬೆಳೆಯುವುದು ಹಳದಿ ಬಿಳುಪಿನ ಚಿಟ್ಟೆಗಳ ಮರಿ. ಉದ್ದನೆಯ ಕರಿಯ ಕೋಡಿನೊಳಗಿನ ಸಿಹಿ ತಿರುಳಿಗೆ ಕೋತಿಗಳೂ ನರಿಗಳೂ ಬಂದು, ತಿಂದು, ಬೀಜವನ್ನು ದೂರದೂರಕ್ಕೆ ಬಿತ್ತುತ್ತವೆ. ಬಿಲ್ವವನ್ನು ಹೂಮರವೆಂದು ಯಾರೂ ಎಣಿಸುವುದಿಲ್ಲ. ಪತ್ರೆಯ ಮಹಿಮೆಯಲ್ಲಿ ಹೂವು ಮರೆತುಹೋಗಿದೆ. ಬೇಸಗೆಯ ಒಂದು ಬೆಳಗ್ಗೆ ಬಿಲ್ವದ ಕೆಳಗೆ ನಿಂತು ನೋಡಿ. ಹಸಿರುಬಿಳುಪಿನ ಸಣ್ಣ ಹೂಗಳ ಜೇನಿನಂಥ ಪರಿಮಳವೂ, ಜೇನುನೊಣಗಳ ಮೊರೆತವೂ ತಮ್ಮನ್ನು ಅಲ್ಲಿಯೇ ನಿಲ್ಲಿಸಿಬಿಡುತ್ತವೆ. ನಿಂಬೆಯ ಗಿಡದ ಮೇಲೆ ಬೆಳೆಯುವ ದೊಡ್ಡ ಚಿಟ್ಟೆಗಳೇ ಬಿಲ್ವದ ಮೇಲೆಯೂ ಮೊಟ್ಟೆಯಿಡುತ್ತವೆ. ಪತ್ರೆಯಲ್ಲಿ ಹುಳು ಕಂಡರೆ ಅಪಚಾರವೆಂದು ಔಷಧಿ ಹೊಡೆಯುವವರಿದ್ದಾರೆ. ವಿಷ ಸವರಿದ ಪತ್ರೆಯನ್ನು ಲಿಂಗಕ್ಕೆ ಏರಿಸುವುದಕ್ಕಿಂತ ಹುಳು ತಿಂದು ಉಳಿದದ್ದನ್ನು ಏರಿಸುವುದು ಲೇಸೆಂಬುದು ನನ್ನ ಅಲ್ಪಮತಿಯ ಅಭಿಪ್ರಾಯ.

ಹಾಲೆಮರದ ಹೆಸರನ್ನು ಚನ್ನಪಟ್ಟಣದ ಬೊಂಬೆ ಮಾಡುವವರಲ್ಲಿ ಕೇಳಬೇಕು. ಆ ಬೊಂಬೆಗಳ ನುಣುಪಾದ ಬಿಳಿಯ ಮರ ಇದೇ. ಮಲ್ಲಿಗೆಯಂಥ ಬಿಳಿಯ ಹೂ, ತುದಿಯಲ್ಲಿ ಕೂಡಿಕೊಂಡ ಜೋಡಿಕಾಯಿ. ಎಲೆಯಿಲ್ಲದ ಕೊಂಬೆಯಲ್ಲಿ ಬಿಳಿಹೂ ತುಂಬಿಕೊಂಡು ಘಮಘಮಿಸುವ ಅಂಕೋಲೆಯೂ, ಹೊಳೆಯಂಚಿನ ಹೊಳೆದಾಸವಾಳವೂ ಇದೇ ಪಂಕ್ತಿಯವು. ಪಾರಿಜಾತವನ್ನೂ ಸೇರಿಸಿಕೊಳ್ಳಬಹುದು, ಮಧ್ಯಭಾರತದ ಒಣಬೆಟ್ಟಗಳದ್ದಾದರೂ ಅದು ನಮ್ಮಲ್ಲಿಗೆ ಬಂದು ಎಷ್ಟೋ ಕಾಲವಾಯಿತು, ಒಣನೆಲಕ್ಕೂ ಹೊಂದಿಕೊಂಡಿದೆ.

ಮರವಿದ್ದರೆ ಹಕ್ಕಿ ಬಂದೇ ಬರುತ್ತದೆ ಎಂಬ ಮಾತಿಗೆ ರಂಗನತಿಟ್ಟಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಹದಿನೇಳನೆಯ ಶತಮಾನದ ನಡುವಿನಲ್ಲಿ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಅಡ್ಡಲಾಗಿ ಕಟ್ಟಿಸಿದ ಒಡ್ಡಿನಿಂದಾಗಿ ನದಿಯ ನಡುವೆ ತಿಟ್ಟುಗಳು ಮೂಡಿದವು. ಕಟ್ಟಿಸಿದ್ದು ನೀರಾವರಿಗೆ, ಹಕ್ಕಿಗಳನ್ನು ಆ ಅರಸರು ಎಣಿಸಿರಲಿಕ್ಕಿಲ್ಲ. ತಿಟ್ಟುಗಳ ಮೇಲೆ ಹೊಳೆಮತ್ತಿ, ಹೊಂಗೆ, ಆಲ, ಬಿದಿರು ತಾವಾಗಿ ಬೆಳೆದವು. ಸುತ್ತ ನೀರಿದ್ದುದರಿಂದ ಕೊಡಲಿ ಹೋಗಲಿಲ್ಲ, ಕುರಿಮೇಕೆ ಹೋಗಲಿಲ್ಲ. ಕೊಕ್ಕರೆ, ಬೆಳ್ಳಕ್ಕಿ, ಚಮಚದ ಕೊಕ್ಕಿನ ಹಕ್ಕಿ, ನೀರುಕಾಗೆಗಳು ಗೂಡುಕಟ್ಟಿದವು. ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಗೆ ಬಂದ ಡಾಕ್ಟರ್ ಸಲೀಂ ಅಲಿಯವರು ಇದನ್ನು ಕಂಡು ಅರಮನೆಗೆ ಅರಿಕೆ ಮಾಡಿಕೊಂಡದ್ದರಿಂದ 1940ರಲ್ಲಿ ಅದು ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿ ಜಗತ್ತಿನ ಮಹತ್ವದ ಜೌಗುನೆಲಗಳಲ್ಲಿ ಒಂದೆನಿಸಿತು. ಅತ್ತ ಲಕ್ಷಗಟ್ಟಲೆ ಖರ್ಚುಮಾಡಿ ನಿರ್ಮಿಸಿದ ಉದ್ಯಾನವನ್ನು ನೋಡಲು ಮನುಷ್ಯರು ಬರುತ್ತಾರೆ. ಇತ್ತ ಯಾರೂ ನೆಡದ ಮರಗಳಿಗೆ ಸಾವಿರಾರು ಮೈಲಿಗಳಿಂದ ಹಕ್ಕಿಗಳು ಬರುತ್ತವೆ. ಎರಡರ ನಡುವೆ ಇರುವುದು ಕೆಲವೇ ಮೈಲಿಗಳ ಅಂತರ.

ಮೇಲುಕೋಟೆಯ ಸುತ್ತಿನ ಕುರುಚಲು ಕಾಡು 1974ರಲ್ಲಿ ವನ್ಯಜೀವಿಧಾಮವಾದದ್ದು ಮುಖ್ಯವಾಗಿ ತೋಳಗಳ ರಕ್ಷಣೆಗಾಗಿ. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯ ಬೆಟ್ಟ 1981ರಲ್ಲಿ ನವಿಲುಧಾಮವೆಂದು ಘೋಷಿತವಾಯಿತು. ಅದು ಒಂದು ಚದರ ಕಿಲೋಮೀಟರಿಗೂ ಕಡಿಮೆಯ ಜಾಗ! ಮಠವೊಂದರ ಆಸುಪಾಸಿನ ಅಷ್ಟು ಪುಟ್ಟ ನೆಲವೂ ನವಿಲಿಗೆ ನೆಲೆಯಾಗಬಲ್ಲುದಾದರೆ, ಹತ್ತು ಗುಂಟೆ ಹಿತ್ತಿಲಿರುವ ನಾವು ಕೈಲಾಗದೆಂದು ಹೇಳುವುದು ಹೇಗೆ?

ಹೀಗೆ ಬರೆಯುವಾಗ ಮನಸ್ಸಿಗೆ ಬರುವ ಒಂದು ದೃಶ್ಯವನ್ನು ಮರೆಮಾಚಲಾರೆ. ಹೆಸರು ಬೇಡ, ನಾನು ಬಾಲ್ಯದಿಂದ ಬಲ್ಲ ಒಂದು ಮಠದ ಹಿಂಭಾಗದಲ್ಲಿ ಮುತ್ತುಗ, ಹಾಲೆ, ಎರಡು ಹಳೆಯ ಬಿಲ್ವಗಳಿದ್ದವು. ಸಂಜೆಯ ವೇಳೆ ಪಿಕಳಾರಗಳ ಗದ್ದಲಕ್ಕೆ ಪಾಠ ಹೇಳುವ ಅಯ್ಯನವರ ಮಾತೇ ಕೇಳಿಸುತ್ತಿರಲಿಲ್ಲ. ಕಲ್ಯಾಣಮಂಟಪ ಕಟ್ಟುವಾಗ ಅವೆಲ್ಲ ಹೋದವು. ಮಂಟಪದ ಮುಂದೆ ಹುಲ್ಲುಹಾಸು ಹಾಕಿ, ಕತ್ತರಿಸಿದ ಗಿಡಗಳಲ್ಲಿ ಆನೆ, ನವಿಲುಗಳ ಆಕಾರ ಮಾಡಿ ನಿಲ್ಲಿಸಿದ್ದಾರೆ. ನವಿಲಿನ ಆಕಾರವಿದೆ, ನವಿಲಿಲ್ಲ. ಅಂದು ಆ ಕೆಲಸಕ್ಕೆ ವಂತಿಗೆ ಎತ್ತಿಕೊಟ್ಟವರಲ್ಲಿ ನಾನೂ ಒಬ್ಬನೆಂಬುದನ್ನು ಒಪ್ಪಿಕೊಳ್ಳುತ್ತೇನೆ. ಮರಗಳ ಮಾತನ್ನು ನಮ್ಮಲ್ಲಿ ಒಬ್ಬರಾದರೂ ಎತ್ತಲಿಲ್ಲ.

ಇನ್ನು ಬೆಳೆಸುವ ಬಗೆ. ನಮ್ಮ ಸೀಮೆಯಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ. ಕಾಲುವೆಯ ನೀರು ಹರಿಯುವೆಡೆ ಕಬ್ಬು ಭತ್ತ, ಇಲ್ಲದೆಡೆ ರಾಗಿ ಹುರುಳಿ. ಮೇಲೆ ಹೇಳಿದ ಮರಗಳಲ್ಲಿ ಹೊಳೆದಾಸವಾಳವೊಂದನ್ನು ಬಿಟ್ಟರೆ ಉಳಿದವೆಲ್ಲ ನಾಗಮಂಗಲದ ಒಣನೆಲದಲ್ಲಿಯೂ ಬದುಕಬಲ್ಲವು. ಕಕ್ಕೆಯ ಬೀಜದ ಸಿಪ್ಪೆ ಕಲ್ಲಿನಂತೆ ಗಟ್ಟಿ. ನೀರನ್ನು ಕುದಿಸಿ ಕೆಳಗಿಳಿಸಿ, ಅದರಲ್ಲಿ ಬೀಜ ಹಾಕಿ ರಾತ್ರಿಯೆಲ್ಲ ಬಿಡಬೇಕು. ಅಥವಾ ಒರಟು ಕಲ್ಲಿಗೆ ಒಂದು ಬದಿಯನ್ನು ಉಜ್ಜಿ ನೆನೆಹಾಕಬೇಕು. ಬಸವನಪಾದದ ಬೀಜ ಒಂದು ರಾತ್ರಿ ತಣ್ಣೀರಿನಲ್ಲಿ ನೆನೆದರೆ ಸಾಕು. ಬಿಲ್ವದ ಬೀಜಕ್ಕೆ ಅಂಟಿರುವ ಲೋಳೆಯನ್ನು ಬೂದಿ ಹಾಕಿ ತಿಕ್ಕಿ ತೊಳೆದು ಹಸಿಯಾಗಿದ್ದಾಗಲೇ ಬಿತ್ತಬೇಕು. ಹಳೆಯ ಬೀಜ ಮೊಳೆಯುವುದು ಅಪರೂಪ. ಮುತ್ತುಗವನ್ನು ಕೊಟ್ಟೆಯಲ್ಲಿ ಬಹಳ ದಿನ ಇಡಬಾರದು. ತಾಯಿಬೇರು ಬೇಗ ಆಳಕ್ಕಿಳಿಯುವುದರಿಂದ ಬೀಜವನ್ನು ನೆಲಕ್ಕೇ ಊರುವುದು ಉತ್ತಮ. ಮೊದಲ ಎರಡು ಮೂರು ವರ್ಷ ಅದು ಬೆಳೆಯುವುದೇ ಕಾಣುವುದಿಲ್ಲ. ಸತ್ತಿತೆಂದು ಕಿತ್ತು ಹಾಕಿ ಮೋಸಹೋದವರುಂಟು.

ಎರಡಡಿ ಉದ್ದ ಅಗಲ ಆಳದ ಗುಂಡಿಯನ್ನು ಬೇಸಗೆಯಲ್ಲಿಯೇ ತೋಡಿ ಬಿಸಿಲಿಗೆ ಬಿಡಿ. ಮೇಲ್ಮಣ್ಣಿಗೆ ಕೊಟ್ಟಿಗೆಗೊಬ್ಬರ ಬೆರೆಸಿ ತುಂಬಿ, ಮುಂಗಾರು ಹಿಡಿದ ಮೇಲೆ ಹನ್ನೆರಡರಿಂದ ಹದಿನೈದಡಿ ಅಂತರದಲ್ಲಿ ನೆಡಿ. ಸುತ್ತ ಜಾಲಿಮುಳ್ಳಿನ ಬೇಲಿ ಇರಲಿ, ಮೇಕೆಗೆ ಭಕ್ತಿಭಾವವಿಲ್ಲ. ಎರಡು ಬೇಸಗೆ ವಾರಕ್ಕೊಂದೆರಡು ಬಾರಿ ನೀರೆರೆದರೆ ಮೂರನೆಯ ಬೇಸಗೆಯನ್ನು ಅವು ತಾವೇ ನೋಡಿಕೊಳ್ಳುತ್ತವೆ. ಉದುರಿದ ಎಲೆಯನ್ನು ಗುಡಿಸಿ ಬೆಂಕಿಯಿಡಬೇಡಿ, ಬುಡಕ್ಕೇ ಸೇರಿಸಿ. ಆ ತರಗಿನಲ್ಲಿ ಹುಳು ಕೆದಕಲು ಹಕ್ಕಿಗಳು ಬರುತ್ತವೆ. ಒಂದು ಮೂಲೆಯಲ್ಲಿ ಆಳವಿಲ್ಲದ ಕಲ್ಲುಬಾನಿಯಲ್ಲಿ ನೀರಿಡುವುದನ್ನು ಮರೆಯದಿರಿ.

ಅತಿಥಿಗಳೆಲ್ಲ ಸೌಮ್ಯರಲ್ಲವೆಂಬುದನ್ನೂ ಹೇಳಬೇಕು. ಕೋತಿಗಳು ಮೊಗ್ಗನ್ನೇ ಹರಿದು ಚೆಲ್ಲುತ್ತವೆ. ನವಿಲು ಎಳೆಯ ಸಸಿಯನ್ನು ಕುಕ್ಕುತ್ತದೆ. ಬಾವಲಿಗಳು ರಾತ್ರಿಯೆಲ್ಲ ಜಗಳವಾಡುತ್ತವೆ. ಕಬ್ಬಿನ ಗದ್ದೆಗಳಲ್ಲಿ ಚಿರತೆ ಮರಿಹಾಕುವ ಕಾಲ ಇದು. ಮಠದ ಎಂಜಲೆಲೆ, ಕಸಗಳನ್ನು ಹಿತ್ತಿಲಲ್ಲಿ ರಾಶಿಹಾಕಿದರೆ ನಾಯಿಗಳು ಬರುತ್ತವೆ, ನಾಯಿಯ ಹಿಂದೆ ಚಿರತೆ ಬರುತ್ತದೆ. ತಪ್ಪು ಮರದ್ದಲ್ಲ, ಕಸದ್ದು. ವಿದ್ಯಾರ್ಥಿಗಳು ಓಡಾಡುವ ಹಾದಿಯ ಬದಿಯನ್ನು ಚೊಕ್ಕಟವಾಗಿಟ್ಟು, ಪೊದೆಯನ್ನು ಬೇಲಿಯ ಕಡೆಗೆ ಮಾತ್ರ ಬಿಟ್ಟರೆ ಹಾವಿನ ಭಯವೂ ಕಡಿಮೆ.

ಕೊನೆಯದಾಗಿ ಒಂದು ಪ್ರಶ್ನೆ ಉಳಿಯುತ್ತದೆ, ಭಕ್ತರೊಬ್ಬರು ನನ್ನನ್ನು ನೇರವಾಗಿ ಕೇಳಿದ್ದು: “ಹೂವೆಲ್ಲ ಹಕ್ಕಿಗೆ ಬಿಟ್ಟರೆ ಲಿಂಗಕ್ಕೇನು ಏರಿಸುವುದು, ಸ್ವಾಮಿ?” ಪ್ರಶ್ನೆ ಹಗುರವಾದದ್ದಲ್ಲ. ಮಕರಂದ ಹೀರಿದ ಹೂ ಎಂಜಲಾಯಿತೆಂಬ ವಾದವನ್ನು ಹೂಡುವವರೂ ಉಂಟು. ಆದರೆ ದುಂಬಿ ಮುಟ್ಟದ ಹೂವನ್ನು ಆರಿಸಿ ತರುವ ಉಪಾಯ ಯಾರಿಗೂ ತಿಳಿಯದು, ಹಸುವಿನ ಹಾಲನ್ನು ಕರು ಮುಟ್ಟದೆ ತರಲಾಗದಂತೆ. ಪಾಲಿನ ಪ್ರಶ್ನೆಗೆ ಮಾತ್ರ ಒಂದು ಏರ್ಪಾಡು ಬೇಕೇ ಬೇಕು. ನಮ್ಮ ಮನೆಯ ಹಿತ್ತಿಲಿನಲ್ಲಿ ಎರಡು ಬಸವನಪಾದ, ಒಂದು ಕಕ್ಕೆ, ಒಂದು ಪಾರಿಜಾತ, ಎರಡು ಬಿಲ್ವಗಳಿವೆ. ಪಾರಿಜಾತವನ್ನು ಕೀಳುವ ಪ್ರಶ್ನೆಯೇ ಇಲ್ಲ. ರಾತ್ರಿಯಲ್ಲಿ ಪತಂಗಗಳ ಪಾಲು ಮುಗಿದಮೇಲೆ ಬೆಳಗಿನ ಜಾವ ತಾನೇ ಉದುರಿ ನಮ್ಮ ಪಾಲಿಗೆ ಬರುತ್ತದೆ, ಕೆಳಗೆ ಒಂದು ಒಗೆದ ಬಟ್ಟೆ ಹಾಸಿದರಾಯಿತು. ಉಳಿದ ಮರಗಳಲ್ಲಿ ನಿಂತು ಕೈಚಾಚಿದರೆ ಎಟಕುವಷ್ಟು ಪೂಜೆಗೆ, ಎಟಕದ್ದು ಬಂದವರಿಗೆ. ದೋಟಿಯನ್ನು ಹಿತ್ತಿಲಿಗೆ ಒಯ್ಯುವುದನ್ನು ಮನೆಯವರು ಬಿಟ್ಟು ಹನ್ನೊಂದು ವರ್ಷಗಳಾದವು. ಈ ವರ್ಷ ಕಕ್ಕೆಯ ಕೋಡುಗಳು ಚೆನ್ನಾಗಿ ಬಲಿತಿವೆ. ಕೋತಿಗಳು ತಿಂದು ಉಳಿಸಿದ್ದನ್ನು ಆರಿಸಿ ಒಂದು ಗಡಿಗೆಯಲ್ಲಿ ಬೀಜ ಕೂಡಿಟ್ಟಿದ್ದೇನೆ. ಮುಂಗಾರಿಗೆ ಮುಂಚೆ ಮಠದ ಕಡೆ ಬರುವ ಭಕ್ತರೂ ಹಳೆಯ ವಿದ್ಯಾರ್ಥಿಗಳೂ ಬೇಕಾದಷ್ಟು ಕೊಂಡೊಯ್ಯಬಹುದು.